ಡೇರೆಯಿಲ್ಲದ ಜಾತ್ರೆ

ಜಾತ್ರೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ತೇರು, ಬೆಂಡು-ಬತ್ತಾಸು, ಬಳೆಯಂಗಡಿ, ತಿರುಗುವ ತೊಟ್ಟಿಲು ಮತ್ತು ಮೊಣಕಾಲವರೆಗಿನ ಧೂಳು. ಧೂಳಿಲ್ಲದ ಜಾತ್ರೆಯೊಂದು 1996ರಲ್ಲಿ ವರ್ಷವಿಡೀ ನಡೆಯಿತೆಂದರೆ ವಾಚಕರು ನಗಬಹುದು. ಆದರೂ ಅದು ನಡೆದುದು ನಿಜ. ‘ಇಂಟರ್‌ನೆಟ್ 1996 ವಿಶ್ವ ಪ್ರದರ್ಶನ’ ಎಂಬುದು ಅದರ ಹೆಸರು. ಅದಕ್ಕೆ ಊರೂ ಇರಲಿಲ್ಲ, ಮೈದಾನವೂ ಇರಲಿಲ್ಲ. ಅಂತರಜಾಲವೇ ಅದರ ಬಯಲು. ಬೇರೆ ಬೇರೆ ದೇಶಗಳವರು ಅಲ್ಲಿಯೇ ತಮ್ಮ ತಮ್ಮ ಮಂಟಪಗಳನ್ನು ಹೂಡಿದ್ದರು.

ಇದರ ಹಿರಿಯಣ್ಣಂದಿರನ್ನು ನೆನೆಯದೆ ಇದು ಅರ್ಥವಾಗದು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜು-ಕಬ್ಬಿಣಗಳ ಸ್ಫಟಿಕ ಭವನವನ್ನು ಕಟ್ಟಿ, ಉಗಿಯಂತ್ರಯುಗದ ಸರಕನ್ನೆಲ್ಲ ಅದರಲ್ಲಿ ತೋರಿಸಿದರು. ಅರವತ್ತು ಲಕ್ಷಕ್ಕೂ ಮಿಕ್ಕಿದ ಪ್ರೇಕ್ಷಕರು ಬಂದರು. ಉಳಿದ ಲಾಭದ ಹಣದಿಂದ ಸೌತ್ ಕೆನ್ಸಿಂಗ್ಟನ್ನಿನಲ್ಲಿ ನೆಲ ಕೊಂಡರು. ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ನಿಂತಿರುವುದು ಆ ನೆಲದ ಮೇಲೆಯೇ. 1889ರ ಪ್ಯಾರಿಸ್ ಪ್ರದರ್ಶನಕ್ಕೆಂದು ಎತ್ತಿದ ಐಫೆಲ್ ಗೋಪುರ ಇಪ್ಪತ್ತು ವರ್ಷಗಳ ಬಳಿಕ ಬಿಚ್ಚಿಹಾಕಬೇಕಾದದ್ದು. ಅಷ್ಟರಲ್ಲಿ ನಿಸ್ತಂತು ಸಂದೇಶಕ್ಕೆ ಅದು ಒದಗಿದ್ದರಿಂದ ಬದುಕಿಕೊಂಡಿತು. 1893ರ ಚಿಕಾಗೋ ಪ್ರದರ್ಶನವು ವಿದ್ಯುದ್ದೀಪಗಳ ವೈಭವಕ್ಕೆ ಹೆಸರಾಯಿತು. ನಮ್ಮವರಿಗಾದರೋ ಅದರ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನವೇ ಮುಖ್ಯ. ಹಿಂದಿನ ವರ್ಷವಷ್ಟೇ ಮೈಸೂರು ಮಹಾರಾಜರ ಅತಿಥಿಯಾಗಿದ್ದ ವಿವೇಕಾನಂದರು ಅಲ್ಲಿ ಭಾಷಣ ಮಾಡಿದರೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇವನ್ನೆಲ್ಲ ಓದಿಕೊಂಡಿದ್ದ ಅಮೆರಿಕದ ಕಾರ್ಲ್ ಮಲಮೂದ್ ಎಂಬಾತನಿಗೆ, ಕೈಗಾರಿಕೆಯ ಯುಗಕ್ಕೆ ಪ್ರದರ್ಶನಗಳಿದ್ದಂತೆ ಮಾಹಿತಿಯ ಯುಗಕ್ಕೂ ಒಂದು ಏಕಿರಬಾರದೆಂಬ ಯೋಚನೆ ಹೊಳೆಯಿತು. ಈತ 1993ರಲ್ಲಿಯೇ ಅಂತರಜಾಲದ ಮೂಲಕ ರೇಡಿಯೋ ಕಾರ್ಯಕ್ರಮ ಪ್ರಸಾರಮಾಡಿದವನು. ಕಂಪೆನಿಗಳು ಅಮೆರಿಕ ಸರ್ಕಾರಕ್ಕೆ ಸಲ್ಲಿಸುವ ಲೆಕ್ಕಪತ್ರಗಳನ್ನು ಜನರಿಗೆ ಬಿಟ್ಟಿಯಾಗಿ ಒದಗಿಸಿ, ಕೊನೆಗೆ ಸರ್ಕಾರವೇ ಆ ಕೆಲಸ ವಹಿಸಿಕೊಳ್ಳುವಂತೆ ಮಾಡಿದವನು. ಹಿಂದೆ ಇಂತಹ ಪ್ರದರ್ಶನಗಳನ್ನು ದೊರೆಗಳೂ ಸರ್ಕಾರಗಳೂ ನಡೆಸಬೇಕಿತ್ತು. ಈತ ಕಂಪೆನಿಗಳ ಬಾಗಿಲು ತಟ್ಟಿ ಯಂತ್ರಗಳನ್ನೂ ತಂತಿಗಳನ್ನೂ ಬೇಡಿ ತಂದನು. ನಮ್ಮೂರಲ್ಲಿ ರಥೋತ್ಸವಕ್ಕೆ ಒಬ್ಬರು ಹಗ್ಗ, ಒಬ್ಬರು ಎಣ್ಣೆ, ಒಬ್ಬರು ಅಕ್ಕಿಮೂಟೆ ಕೊಡುವ ಹಾಗೆಯೇ ಇದೂ ಎಂದು ನನಗನ್ನಿಸಿತು.

ಮಂಟಪಗಳಲ್ಲೆಲ್ಲ ನನ್ನ ಮನಸ್ಸನ್ನು ಸೆಳೆದದ್ದು ಜಪಾನಿನವರ ‘ಸೆನ್ಸೋರಿಯಂ’. ಅದರಲ್ಲಿ ‘ಉಸಿರಾಡುವ ಭೂಮಿ’ ಎಂಬುದೊಂದು ಭಾಗ. ಜಗತ್ತಿನಲ್ಲಿ ಇತ್ತೀಚಿನ ದಿನಗಳಲ್ಲಿ ಎಲ್ಲೆಲ್ಲಿ ನೆಲ ನಡುಗಿತೆಂಬ ಲೆಕ್ಕವನ್ನು ತೆಗೆದುಕೊಂಡು, ಗೋಲದ ಮೈಮೇಲೆ ಉಬ್ಬುವ ಗುಳ್ಳೆಗಳಾಗಿ ಅದು ತೋರಿಸುತ್ತಿತ್ತು. ಅಂಕಿ-ಅಂಶಗಳ ಒಣಪಟ್ಟಿ ಅಲ್ಲಿ ಒಂದು ಜೀವದ ಎದೆಬಡಿತದಂತೆ ಕಾಣುತ್ತಿತ್ತು. ಹಿಂದಿನ ವರ್ಷ, 1995ರ ಜನವರಿಯಲ್ಲಿ, ಕೋಬೆ ನಗರವು ಭೂಕಂಪದಿಂದ ನೆಲಸಮವಾದುದನ್ನು ಕಂಡ ಜನ ಇದನ್ನು ಮಾಡಿದರೆಂಬುದನ್ನು ನೆನೆದರೆ ಅದು ಬರಿಯ ಆಟಿಕೆಯೆನ್ನಿಸುವುದಿಲ್ಲ. 1997ರಲ್ಲಿ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾ ಉತ್ಸವದಲ್ಲಿ ಸೆನ್ಸೋರಿಯಂಗೆ ಅಂತರಜಾಲ ವಿಭಾಗದ ಮೊದಲ ಬಹುಮಾನ ದೊರೆಯಿತು.

ಹೊಗಳಿಕೆ ಇಷ್ಟು ಸಾಕು. ಇಷ್ಟಕ್ಕೂ ಈ ಜಾತ್ರೆಗೆ ಹೋಗಬಲ್ಲವರು ಯಾರಿದ್ದರು? ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲವು ದೊರೆತದ್ದೇ 1995ರ ಆಗಸ್ಟ್ 15ರಂದು; ಅದೂ ಮುಂಬಯಿ, ದೆಹಲಿ, ಕಲ್ಕತ್ತೆ, ಮದರಾಸುಗಳಂತಹ ದೊಡ್ಡ ಪಟ್ಟಣಗಳಲ್ಲಿ, ವರ್ಷಕ್ಕೆ ಸಾವಿರಾರು ರೂಪಾಯಿ ತೆತ್ತವರಿಗೆ. ಆಗ ನಮ್ಮ ಊರಿಗೆ ಟೆಲಿಫೋನೇ ಬಂದಿರಲಿಲ್ಲವೆಂದು ತಂದೆಯವರು ಹೇಳುತ್ತಾರೆ. ಭಾಷೆಯ ಮಾತನ್ನಂತೂ ಕೇಳುವುದೇ ಬೇಡ. ಕನ್ನಡದ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸಬೇಕಾದರೆ, ಬರೆದವರ ಬಳಿಯಿದ್ದ ಅಕ್ಷರಮಾದರಿಯೇ ಓದುವವರ ಯಂತ್ರದಲ್ಲಿಯೂ ಇರಬೇಕಿತ್ತು. ಇಲ್ಲವಾದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಅಂತಹ ಕಾಲದಲ್ಲಿ, ಅದೇ 1996ರಲ್ಲಿ, ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಅದು ಪ್ರದರ್ಶನದ ಮಂಟಪವೇನೂ ಅಲ್ಲ, ಜಾತ್ರೆಯ ಹೊರಗೆ ತಾನಾಗಿ ಹಚ್ಚಿಟ್ಟ ಹಣತೆ. ‘ಜಗತ್ತೆಲ್ಲ ಒಂದೇ ಹಳ್ಳಿ’ ಎಂಬ ಮಾತನ್ನು ಆ ದಿನಗಳಲ್ಲಿ ಎಲ್ಲರೂ ಆಡುತ್ತಿದ್ದರಷ್ಟೆ! ಹಳ್ಳಿಯವರನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಆದರೆ ಮಲಮೂದನ ಯೋಜನೆಯಲ್ಲಿ ಮಂಟಪಗಳಿಗಿಂತ ದೊಡ್ಡ ಸಂಗತಿ ಬೇರೆಯೇ ಇತ್ತು. ನ್ಯೂಯಾರ್ಕಿನ ಉದ್ಯಾನವೊಂದರ ಹೆಸರನ್ನೇ ಎತ್ತಿಕೊಂಡು, ದೊಡ್ಡ ಗಣಕಯಂತ್ರಗಳ ಸಾಲಿಗೆ ಆತ ‘ಸೆಂಟ್ರಲ್ ಪಾರ್ಕ್’ ಎಂದು ಹೆಸರಿಟ್ಟನು. ಜಾತ್ರೆ ಮುಗಿದ ಮೇಲೂ ಅದು ಸಾರ್ವಜನಿಕರ ಸ್ವತ್ತಾಗಿ ಉಳಿಯಬೇಕೆಂಬುದು ಆತನ ಆಸೆ. ಪಟ್ಟಣದಲ್ಲಿ ಅಂಗಡಿಗಳೂ ಬಂಗಲೆಗಳೂ ತುಂಬಿದರೂ, ಯಾರ ಅಪ್ಪಣೆಯನ್ನೂ ಕೇಳದೆ ಬಡವನು ಹೋಗಿ ಕೂರಬಹುದಾದ ಒಂದು ತೋಟವಿರುತ್ತದಲ್ಲವೆ? ಅಂತರಜಾಲದಲ್ಲಿಯೂ ಅಂತಹ ನೆಲವನ್ನು ಮೊದಲೇ ಬಿಟ್ಟುಕೊಳ್ಳದಿದ್ದರೆ ಮುಂದೆ ಎಲ್ಲವೂ ಅಂಗಡಿಯೇ ಆಗುವುದೆಂದು ಆತ ಕಂಡಿದ್ದನು. ಇಂದಿನ ನಮ್ಮ ಮೊಬೈಲುಗಳನ್ನು ನೋಡಿದರೆ, ಆತನ ಭಯ ಸುಳ್ಳಾಗಲಿಲ್ಲವೆಂದೇ ಹೇಳಬೇಕು. ಪ್ರದರ್ಶನದ ಕಥೆಯನ್ನು ಆತ 1997ರಲ್ಲಿ ಪುಸ್ತಕವಾಗಿ ಬರೆದನು. ಕಾಲಕ್ರಮದಲ್ಲಿ ಜನ ಆ ಜಾತ್ರೆಯನ್ನು ಮರೆತರು.

ಮಲಮೂದ್ ಮಾತ್ರ ಉದ್ಯಾನದ ಯೋಚನೆಯನ್ನು ಬಿಡಲಿಲ್ಲ. ಅಂತೆಯೇ ಆತ ನಮ್ಮಲ್ಲಿಗೂ ಬಂದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವು ಸೇರಿ ನಡೆಸಿದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಯೋಜನೆಯಲ್ಲಿ ನಾನಾ ಭಾಷೆಗಳ ಹಳೆಯ ಪುಸ್ತಕಗಳ ಪುಟಪುಟವನ್ನೂ ಚಿತ್ರಹಿಡಿದಿದ್ದರು. ಅವುಗಳಲ್ಲಿ ಲಕ್ಷಗಟ್ಟಲೆ ಪುಸ್ತಕಗಳ ಪ್ರತಿಗಳು ಆತನ ಪ್ರಯತ್ನದಿಂದ ‘ಇಂಟರ್‌ನೆಟ್ ಆರ್ಕೈವ್’ ಎಂಬ ಅಂತರಜಾಲ ಭಂಡಾರವನ್ನು ಸೇರಿದವು. ಮೂಲ ತಾಣವು ಮುಂದೆ ಮುಚ್ಚಿದಾಗ ಆ ಪ್ರತಿಗಳೇ ಗತಿಯಾದವು. ಸ್ಯಾಮ್ ಪಿತ್ರೋಡಾ ಅವರೊಡಗೂಡಿ 2018ರಲ್ಲಿ ಆತ ತಂದ ಪುಸ್ತಕದ ಹೆಸರು ‘ಕೋಡ್ ಸ್ವರಾಜ್’. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಆವರಣದಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಹೆಸರಿನಲ್ಲಿ ಕನ್ನಡ ಪುಸ್ತಕಗಳನ್ನೂ ಚಿತ್ರಹಿಡಿಯುವ ಕೆಲಸ ಮೊದಲಾಯಿತು.

ಇದು ಲೇಖಕರ ಅನ್ನವನ್ನು ಕಸಿಯುವ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಬದುಕಿರುವ ಲೇಖಕರ ವಿಷಯದಲ್ಲಿ ಆ ಪ್ರಶ್ನೆ ನ್ಯಾಯವಾದುದೇ. ನಮ್ಮ ಕಾನೂನಿನಂತೆ ಹಕ್ಕುಸ್ವಾಮ್ಯವು ಲೇಖಕನು ತೀರಿಕೊಂಡ ಅರವತ್ತು ವರ್ಷಗಳವರೆಗೆ ಇರುತ್ತದೆ. ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ತೀರಿಕೊಂಡದ್ದು 1936ರಲ್ಲಿ. ಆಗ ಜಾರಿಯಲ್ಲಿದ್ದ ಐವತ್ತು ವರ್ಷಗಳ ನಿಯಮದಂತೆ ಅವರ ಗ್ರಂಥವು 1986ನೆಯ ವರ್ಷ ಮುಗಿದಾಗಲೇ ಎಲ್ಲರದೂ ಆಯಿತು.

ಇದೇ ಗ್ರಂಥಕ್ಕಾಗಿ ಕಳೆದ ವರ್ಷ ನಾನು ಅಲೆದದ್ದುಂಟು. ಮೂರು ಸಂಪುಟಗಳಲ್ಲಿ ನನಗೆ ಬೇಕಾದುದೇ ಕಪಾಟಿನಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಾದರೋ ನಾನು ಕಾಲೇಜಿಗೆ ಬರುವವರೆಗೆ ಇದ್ದ ಮುದ್ರಿತ ಗ್ರಂಥವೆಂದರೆ ಪಂಚಾಂಗವೊಂದೇ. ಕೊನೆಗೆ ಅಧ್ಯಾಪಕರೊಬ್ಬರು ಹೇಳಿಕೊಟ್ಟಂತೆ ಮೊಬೈಲಿನಲ್ಲಿ ಹುಡುಕಿದಾಗ ಆ ಸಂಪುಟವು ದೊರೆಯಿತು. ಹಳದಿಯಾದ ಪುಟಗಳು, ಯಾವುದೋ ಪುಸ್ತಕಾಲಯದ ಮಸುಕಾದ ಮುದ್ರೆ. ಒಂದೆಡೆ, ಅರವತ್ತು-ಎಪ್ಪತ್ತು ವರ್ಷಗಳ ಹಿಂದಿನ ಯಾರೋ ವಿದ್ಯಾರ್ಥಿಯದಿರಬೇಕು, ಸೀಸದಕಡ್ಡಿಯಿಂದ ಎಳೆದ ಗೆರೆ. ನನಗೆ ಬೇಕಾದ ಸಾಲೂ ಅದೇ ಆಗಿತ್ತು.

ರಾತ್ರಿ ದೀಪವಾರಿಸಿದ ಮೇಲೂ ಓದುತ್ತಿದ್ದುದನ್ನು ಕಂಡು ನಮ್ಮ ತಾಯಿಯವರು ಏನೆಂದು ಕೇಳಿದರು. ಪುಸ್ತಕವೆಂದೆ. “ಯಾವತ್ತು ವಾಪಸು ಕೊಡಬೇಕಪ್ಪಾ? ಆಮೇಲೆ ದಂಡ ಹಾಕಿಬಿಟ್ಟಾರು” ಎಂದರು. ಇದನ್ನು ವಾಪಸು ಕೊಡಬೇಕಾಗಿಲ್ಲವೆಂದು ಎರಡು ಸಲ ಹೇಳಿದೆ. ಅವರು ನಂಬಲಿಲ್ಲ.