ಪದವಿಗೆ ‘ಇನ್’, ಸಂಶೋಧನೆಗೆ ‘ಆನ್’

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗೋ ಅಲ್ಲೇ ಸಮೀಪದ ದಯಾನಂದ ಸಾಗರ್ ವಿಶ್ವವಿದ್ಯಾಲಯಕ್ಕೋ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಕೂತ ಕನ್ನಡ ಮಾಧ್ಯಮದ ಪದವೀಧರರನ್ನು ಕಾಡುವುದು ಉದ್ದುದ್ದ ಪದಗಳಲ್ಲ, ‘ಇನ್’, ‘ಆನ್’, ‘ಅಟ್’ ಎಂಬ ಪುಟಾಣಿಗಳು. ‘ಎಂ.ಎಸ್ಸಿ. ಆನ್ ಕೆಮಿಸ್ಟ್ರಿ’ ಎಂದು ಬರೆದವರು ರಸಾಯನಶಾಸ್ತ್ರದಲ್ಲಿ ಹಿಂದೆ ಬಿದ್ದವರೇನಲ್ಲ. ತೊಡಕು ಇರುವುದು ಎರಡು ಭಾಷೆಗಳು ಜಾಗವನ್ನು ವಿಂಗಡಿಸುವ ಬಗೆಯಲ್ಲಿ.

ಹಾರೋಹಳ್ಳಿಯಲ್ಲಿ, ಕನಕಪುರ ರಸ್ತೆಯಲ್ಲಿ, ಬಸ್ ನಿಲ್ದಾಣದಲ್ಲಿ: ಕನ್ನಡಕ್ಕೆ ಮೂರಕ್ಕೂ ಒಂದೇ ‘ಅಲ್ಲಿ’ ಸಾಕು. ಇಂಗ್ಲಿಷ್ ಹಾಗಲ್ಲ. ಊರಿಗೆ ಎಲ್ಲೆಯಿದೆ, ಆದ್ದರಿಂದ ‘ಇನ್’. ರಸ್ತೆ ಒಂದು ಗೆರೆ, ‘ಆನ್’. ನಿಲ್ದಾಣ ಒಂದು ಬಿಂದು, ‘ಅಟ್’. ನಮ್ಮ ‘ಅಲ್ಲಿ’ ಸಪ್ತಮೀ ವಿಭಕ್ತಿಯ ಪ್ರತ್ಯಯ. ನಾಮಪದದ ಬಾಲಕ್ಕೆ ಅಂಟುತ್ತದೆ. ಇಂಗ್ಲಿಷಿನದು ತಲೆಯ ಮುಂದೆ ನಿಲ್ಲುತ್ತದೆ. ಈ ವ್ಯತ್ಯಾಸ ಆಕಸ್ಮಿಕವಲ್ಲ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳನ್ನು ಹೋಲಿಸಿ, ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಇಂಥ ಸಂಬಂಧಸೂಚಕಗಳು ಬಹುಪಾಲು ನಾಮಪದದ ನಂತರವೇ ಬರುತ್ತವೆ ಎಂದು ತೋರಿಸಿದರು.

ಓದಿಗೂ ಜಾಗಕ್ಕೂ ಏನು ನಂಟು? ಕಣ್ಣಿಗೆ ಕಾಣದ ಸಂಗತಿಗಳನ್ನು ನಾವು ಕಾಣುವ ಜಾಗದ ಮಾತಿನಲ್ಲೇ ಹೇಳುತ್ತೇವೆಂದು ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ವಾದಿಸಿದರು. ಇಂಗ್ಲಿಷಿನಲ್ಲಿ ಇಡೀ ಶಾಸ್ತ್ರ ಒಂದು ಆವರಣ, ಅದರೊಳಗೆ ಕೈಗೆತ್ತಿಕೊಂಡ ವಿಷಯ ಒಂದು ಮೇಲ್ಮೈ ಎಂದುಕೊಂಡರೆ ಹೆಚ್ಚಿನ ಬಳಕೆಗಳು ತಿಳಿಯಾಗುತ್ತವೆ. ರಾಮನಗರದ ರೇಷ್ಮೆಯನ್ನೇ ತೆಗೆದುಕೊಳ್ಳಿ: ‘ಡಿಗ್ರಿ ಇನ್ ಸೆರಿಕಲ್ಚರ್’, ಆದರೆ ‘ಥೀಸಿಸ್ ಆನ್ ಸಿಲ್ಕ್‌ವರ್ಮ್ ಡಿಸೀಸಸ್’. ಆಸಕ್ತಿ, ವಿಶೇಷ ಪರಿಣತಿಗೂ ‘ಇನ್’. ಉಪನ್ಯಾಸ, ಪ್ರಬಂಧಕ್ಕೆ ‘ಆನ್’. ಹುದ್ದೆ, ವಿಭಾಗಕ್ಕೆ ‘ಆಫ್’: ‘ಪ್ರೊಫೆಸರ್ ಆಫ್ ಫಿಸಿಕ್ಸ್’. ಜಾಣತನಕ್ಕೆ ‘ಅಟ್’: ‘ಗುಡ್ ಅಟ್ ಮ್ಯಾಥ್ಸ್’. ‘ಐ ಸ್ಟಡೀಡ್ ಬಾಟನಿ’ ಎನ್ನುವಾಗ ನಡುವೆ ಏನೂ ಬೇಡ.

ತರ್ಕ ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ. ಕಾರಿಗೆ ‘ಇನ್’ ಎನ್ನುವ ಇಂಗ್ಲಿಷ್ ಬಸ್ಸಿಗೆ ‘ಆನ್’ ಎನ್ನುತ್ತದೆ, ಅದು ರೂಢಿ. ಆದ್ದರಿಂದ ಮೇಷ್ಟ್ರುಗಳು ಈ ಪುಟ್ಟ ಪದಗಳ ಅರ್ಥವನ್ನು ಬಿಡಿಬಿಡಿಯಾಗಿ ಉರುಹೊಡೆಸುವುದಕ್ಕಿಂತ ‘ಡಿಗ್ರಿ ಇನ್’, ‘ಥೀಸಿಸ್ ಆನ್’ ಎಂದು ಜೋಡಿಯಾಗಿಯೇ ಕಲಿಸಲಿ.