ಅಪ್ಪನ ಲ್ಯಾಪ್‌ಟಾಪಿಗೆ ದೂರದಿಂದ ರಿಪೇರಿ

"ಪುಟ್ಟಿ, ನಿನ್ನ ಲೈನಕ್ಸ್‌ನಲ್ಲಿ ವೈಫೈ ಗುರುತೇ ಮಾಯ ಆಗಿದೆ ನೋಡು."

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಸಾಗರದಿಂದ ಅಪ್ಪನ ಫೋನು. "ನಿನ್ನ ಲೈನಕ್ಸ್" ಅನ್ನುವಾಗ ಅವರ ದನಿಯಲ್ಲಿ ಒತ್ತು ಸ್ವಲ್ಪ ಜಾಸ್ತಿಯೇ ಇತ್ತು. ಎಲ್ಲ ಸರಿಯಿದ್ದಾಗ ಅದು "ನನ್ನ ಕಂಪ್ಯೂಟರು". ಕೆಟ್ಟಾಗ ಮಾತ್ರ "ನಿನ್ನ ಲೈನಕ್ಸು".

ನಾನಿರೋದು ಬೆಂಗಳೂರಲ್ಲಿ. ಅಪ್ಪ ಒಬ್ಬರೇ ಊರಲ್ಲಿ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟು ದೂರ. ಅಮ್ಮ ಹೋದ ಮೇಲೆ ಪೇಪರ್ ಓದೋದು, ಹಳೇ ವಿದ್ಯಾರ್ಥಿಗಳಿಗೆ ಪತ್ರ ಬರೆಯೋದು, ನನ್ನ ಜೊತೆ ವಿಡಿಯೋ ಮಾತುಕತೆ ಎಲ್ಲ ಆ ಲ್ಯಾಪ್‌ಟಾಪಿನಲ್ಲೇ. ಹಾಗಾಗಿ ಅದು ಕೆಟ್ಟರೆ ಒಂದು ಯಂತ್ರ ಕೆಟ್ಟಂತಲ್ಲ, ಮನೆಯ ಒಂದು ಕಿಟಕಿ ಮುಚ್ಚಿದಂತೆ.

ಲೈನಕ್ಸ್ ಯಾಕೆ ಬಂತು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಅಪ್ಪನ ಲ್ಯಾಪ್‌ಟಾಪ್ 2015ರದ್ದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಅದರಲ್ಲಿಲ್ಲ, ಪ್ರೊಸೆಸರ್ ಕೂಡ ಹಳೇದು. ಚೆನ್ನಾಗಿ ಓಡುತ್ತಿರೋ ಯಂತ್ರವನ್ನು ಗುಜರಿಗೆ ಹಾಕೋಕೆ ಅಪ್ಪನಿಗೆ ಮನಸ್ಸಿಲ್ಲ, ನನಗೂ ಇಲ್ಲ. ದೀಪಾವಳಿಗೆ ಊರಿಗೆ ಹೋದವಳು ಪೆನ್‌ಡ್ರೈವ್‌ನಲ್ಲಿ ಲೈನಕ್ಸ್ ಮಿಂಟ್ ಒಯ್ದೆ. ಅರ್ಧ ಗಂಟೆಯಲ್ಲಿ ಇನ್‌ಸ್ಟಾಲ್ ಆಯಿತು. ಅಪ್ಪ ಪಕ್ಕದಲ್ಲಿ ಕೂತು ನೋಡಿ, "ಇಷ್ಟೇನಾ?" ಅಂದರು.

ಇಷ್ಟೇ ಆಗಿರಲಿಲ್ಲ. ವೈಫೈ ಪಟ್ಟಿಯಲ್ಲಿ ನಮ್ಮ ಮನೆಯದ್ದೂ ಇಲ್ಲ, ಪಕ್ಕದ ಮನೆಯದ್ದೂ ಇಲ್ಲ. ವೈಫೈ ಅನ್ನೋ ಸಾಲೇ ಇಲ್ಲ.

ದುಭಾಷಿ ಇಲ್ಲದ ಚಿಪ್

ಕಂಪ್ಯೂಟರಿನ ಪ್ರತಿಯೊಂದು ಭಾಗಕ್ಕೂ ಅದರದ್ದೇ ಭಾಷೆ. ಲೈನಕ್ಸಿನ ತಿರುಳಾದ ಕರ್ನೆಲ್‌ಗೆ ಆ ಭಾಷೆ ಅನುವಾದ ಮಾಡಿಕೊಡೋ ದುಭಾಷಿಯೇ ಡ್ರೈವರ್. ಎಷ್ಟೋ ವೈಫೈ ಚಿಪ್‌ಗಳ ಡ್ರೈವರ್ ಕರ್ನೆಲ್ ಜೊತೆಗೇ ಬರುತ್ತೆ, ನಾವು ಏನೂ ಮಾಡಬೇಕಿಲ್ಲ. ಆದರೆ ಕೆಲವು ತಯಾರಕರು ತಮ್ಮ ಚಿಪ್ಪಿನ ಒಳಗುಟ್ಟು ಬಿಟ್ಟುಕೊಡುವುದಿಲ್ಲ. ಅವರು ಕೊಡೋ ಮುಚ್ಚಿದ ಡ್ರೈವರನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಅಪ್ಪನ ಲ್ಯಾಪ್‌ಟಾಪಿನದ್ದು ಈ ಎರಡನೇ ಜಾತಿ.

ಇಲ್ಲೊಂದು ತಮಾಷೆ ಇದೆ. ಡ್ರೈವರ್ ಇಳಿಸಿಕೊಳ್ಳೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನೋ ಕಥೆ. ಇದಕ್ಕೆ ಸುಲಭದ ದಾರಿ ನಮ್ಮ ಜೇಬಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು. ಲೈನಕ್ಸಿಗೆ ಅದು ತಂತಿಯಲ್ಲಿ ಬಂದ ನೆಟ್‌ವರ್ಕ್ ಥರ ಕಾಣುತ್ತೆ, ಬೇರೆ ಡ್ರೈವರ್ ಕೇಳೋದಿಲ್ಲ.

ನೆಟ್ ಬಂತು. ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದೆ, ಅದೇ ಚಿಪ್ ಗುರುತಿಸಿ "ಇದನ್ನು ಹಾಕಲಾ?" ಅಂತ ಕೇಳಿತು. ಹಾಕಿದೆ. ಮಧ್ಯೆ ಒಂದು ಪಾಸ್‌ವರ್ಡ್ ಕೊಡು ಅಂತು, ಕೊಟ್ಟೆ. ರೀಸ್ಟಾರ್ಟ್ ಕೊಟ್ಟು ಕಾಫಿ ತರೋಕೆ ಒಳಗೆ ಹೋದೆ. ಬಂದು ನೋಡಿದರೆ ವೈಫೈ ಇಲ್ಲ!

ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಅಪ್ಪ ಮೆಲ್ಲಗೆ ಹೇಳಿದರು, "ನೀನು ಕಾಫಿಗೆ ಹೋದಾಗ ಒಂದು ನೀಲಿ ಪರದೆ ಬಂದಿತ್ತು. ಏನೋ ಒತ್ತು ಅಂತಿತ್ತು. ನಾನು ಮುಟ್ಟಲಿಲ್ಲ."

ಅದೇ ಆಗಿತ್ತು. ಸೆಕ್ಯೂರ್ ಬೂಟ್ ಅನ್ನೋ ಕಾವಲುಗಾರ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡೋದಿಲ್ಲ. ಆ ಸಹಿಯನ್ನು ನಾವು ಒಪ್ಪಿದ್ದೇವೆ ಅಂತ ಮುಂದಿನ ಸಲ ಕಂಪ್ಯೂಟರ್ ಶುರುವಾಗುವಾಗ ಬರೋ ನೀಲಿ ಪರದೆಯಲ್ಲಿ ಹೇಳಬೇಕು. ಹತ್ತು ಸೆಕೆಂಡ್ ಕಾಯುತ್ತೆ, ಯಾರೂ ಕೀ ಒತ್ತದಿದ್ದರೆ ಮುಂದೆ ಹೋಗುತ್ತೆ. ಮತ್ತೆ ಮೊದಲಿಂದ ಮಾಡಿ, ಈ ಸಲ ಕಾಫಿ ಕುಡಿಯದೆ ಕಾದು, "ಎನ್‌ರೋಲ್ ಎಂಒಕೆ" ಆಯ್ದುಕೊಂಡು, ಮುಂಚೆ ಕೊಟ್ಟಿದ್ದ ಪಾಸ್‌ವರ್ಡನ್ನೇ ಕೊಟ್ಟೆ. ವೈಫೈ ಬಂತು.

ಅದೇ ಕೋಣೆ, ಬೇರೆ ಕೋಣೆ

ಊರು ಬಿಡೋ ಮುಂಚೆ ರಿಮೋಟ್ ಡೆಸ್ಕ್‌ಟಾಪ್ ಹಾಕಬೇಕಿತ್ತು. ಅಂದರೆ ಬೆಂಗಳೂರಲ್ಲಿ ಕೂತು ಅಪ್ಪನ ಪರದೆ ನೋಡಿ ಅಲ್ಲಿನ ಮೌಸ್ ಆಡಿಸೋದು. ಆಫೀಸಿನಲ್ಲಿ ದಿನಾ ಮಾಡೋ ಕೆಲಸ ಅಂತ ಆಫೀಸಿನ ರೀತಿಯಲ್ಲೇ ಎಕ್ಸ್‌ಆರ್‌ಡಿಪಿ ಹಾಕಿದೆ. ಅಡುಗೆಮನೆಯಲ್ಲಿ ನನ್ನ ಲ್ಯಾಪ್‌ಟಾಪಿಂದ ಪರೀಕ್ಷೆ ಮಾಡಿದರೆ ಬರೀ ಕಪ್ಪು ಪರದೆ.

ತಪ್ಪು ನನ್ನದೇ. ದೂರದಿಂದ ಬರೋದರಲ್ಲಿ ಎರಡು ಬಗೆ. ಎಕ್ಸ್‌ಆರ್‌ಡಿಪಿ ಸಾಮಾನ್ಯವಾಗಿ ನಮಗೆ ಅಂತ ಹೊಸ ಕೋಣೆಯೊಂದನ್ನು ತೆರೆಯುತ್ತೆ. ಅದೇ ಬಳಕೆದಾರ ಆಗಲೇ ಲಾಗಿನ್ ಆಗಿ ಕೂತಿದ್ದರೆ ಎರಡೂ ಜಗಳ ಆಡಿ ಕಪ್ಪು ಪರದೆ ಬರುತ್ತೆ. ನನಗೆ ಬೇಕಿದ್ದದ್ದು ಅಪ್ಪ ಕೂತಿರೋ ಕೋಣೆಗೇ ಹೋಗಿ ಅವರ ಪಕ್ಕ ನಿಲ್ಲೋದು. ಅದಕ್ಕೆ ಇರೋ ಪರದೆಯನ್ನೇ ಹಂಚಿಕೊಳ್ಳೋ, ವಿಎನ್‌ಸಿ ಥರದ ತಂತ್ರಾಂಶ ಬೇಕು. ಇಲ್ಲಿ ವೇಲ್ಯಾಂಡ್, ಎಕ್ಸ್11 ಅನ್ನೋ ಎರಡು ಹೆಸರು ನೆನಪಿಟ್ಟುಕೊಳ್ಳಿ. ಹೊಸದಾದ ವೇಲ್ಯಾಂಡ್‌ನಲ್ಲಿ ಒಂದು ತಂತ್ರಾಂಶ ಇಡೀ ಪರದೆಯನ್ನು ಕೇಳದೇ ನೋಡುವಂತಿಲ್ಲ. ಭದ್ರತೆಗೆ ಒಳ್ಳೇದು, ಆದರೆ ಹಳೇ ಪರದೆ ಹಂಚಿಕೆ ತಂತ್ರಾಂಶಗಳು ಅಲ್ಲಿ ಓಡುವುದಿಲ್ಲ. ಅಪ್ಪನ ಮಿಂಟ್ ಎಕ್ಸ್11ರಲ್ಲೇ ಶುರುವಾಗೋದರಿಂದ ಬಚಾವಾದೆ.

ಎರಡನೇ ಪೆಟ್ಟು ಬೆಂಗಳೂರಿಗೆ ಬಂದ ಮೇಲೆ. ಮನೆಯೊಳಗೆ ಓಡಿದ್ದು ಹೊರಗಿಂದ ಓಡಲಿಲ್ಲ. ಎಷ್ಟೋ ಇಂಟರ್ನೆಟ್ ಸಂಪರ್ಕಗಳಲ್ಲಿ ನೂರಾರು ಮನೆಗಳಿಗೆ ಸೇರಿ ಒಂದೇ ಹೊರಗಿನ ವಿಳಾಸ ಇರುತ್ತೆ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ಹೊರಗಿಂದ ಬಂದವರಿಗೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಾಗೋದಿಲ್ಲ. ಒಳಗಿರೋರು ಮಾತ್ರ ಹೊರಗೆ ಬರಬಹುದು. ಹಾಗಾಗಿ ಎರಡೂ ಕಡೆಯವರು ಹೊರಗೆ ಬಂದು ಮೂರನೇ ಜಾಗದಲ್ಲಿ ಭೇಟಿಯಾಗಬೇಕು. ಒಂಬತ್ತಂಕಿ, ಹತ್ತಂಕಿಯ ಐಡಿ ಕೊಡೋ ರಿಮೋಟ್ ತಂತ್ರಾಂಶಗಳು ಮಾಡೋದು ಇದನ್ನೇ. ಅಂಥದ್ದೊಂದನ್ನು ಅಪ್ಪನ ಕೈಯಲ್ಲೇ ಫೋನಿನಲ್ಲಿ ಹೇಳಿ ಹಾಕಿಸಿದೆ. ಶಾಶ್ವತ ಪಾಸ್‌ವರ್ಡ್ ಕೂಡ ಇಟ್ಟೆ, ಬೇಕೆಂದಾಗ ಹೋಗೋಕೆ.

ಕರೆಂಟು ಕಿತ್ತ ರಾತ್ರಿ

ಒಂದು ರಾತ್ರಿ ಹತ್ತರ ಸುಮಾರಿಗೆ, ಅಪ್ಪ ಮಲಗಿರ್ತಾರೆ ಅಂದುಕೊಂಡು, ಅಪ್‌ಡೇಟ್ ಮಾಡೋಣ ಅಂತ ಒಳಗೆ ಹೋದೆ. ಅಪ್ಪ ಮಲಗಿರಲಿಲ್ಲ. ಏನೋ ಬರೀತಾ ಇದ್ದರು. ಮೊದಲ ಸಾಲು ಕಣ್ಣಿಗೆ ಬಿತ್ತು. ಅಮ್ಮನ ಹೆಸರು ಹಿಡಿದು ಶುರುವಾದ ಪತ್ರ.

ನಾನು ಗಾಬರಿಯಲ್ಲಿ ಮೌಸ್ ಸರಿಸಿದೆ, ಅವರ ಪರದೆಯಲ್ಲಿ ಬಾಣ ತಾನಾಗೇ ಓಡಿತು. ಮರುಕ್ಷಣ ಸಂಪರ್ಕ ಕಡಿಯಿತು. ಅಪ್ಪ ರೂಟರಿನ ಪ್ಲಗ್ಗನ್ನೇ ಕಿತ್ತಿದ್ದರು. ಐದು ನಿಮಿಷಕ್ಕೆ ಫೋನು, "ಯಾರೋ ಕಳ್ಳರು ಒಳಗೆ ನುಗ್ಗಿದ್ದಾರೆ ಪುಟ್ಟಿ, ಬ್ಯಾಂಕಿಗೆ ಈಗಲೇ ಹೇಳಬೇಕಾ?" ದನಿ ನಡುಗುತ್ತಿತ್ತು. ಸೈಬರ್ ವಂಚನೆ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಇಟ್ಟುಕೊಳ್ಳೋ ಮನುಷ್ಯ ಅವರು.

"ನಾನೇ ಅಪ್ಪಾ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬೈಯಲಿಲ್ಲ. "ಮನೆ ಮಗಳಾದರೂ ಕೋಣೆ ಬಾಗಿಲು ಹಾಕಿದ್ರೆ ತಟ್ಟಿ ಬರ್ತೀಯಲ್ಲ" ಅಂದರು, ಅಷ್ಟೇ.

ಮರುದಿನವೇ ಶಾಶ್ವತ ಪಾಸ್‌ವರ್ಡ್ ತೆಗೆದು ಹಾಕಿದೆ. ಈಗ ನಾನು ಬರಬೇಕಾದರೆ ಮೊದಲು ಫೋನು, ಆಮೇಲೆ ಅವರ ಪರದೆಯಲ್ಲಿ "ಒಪ್ಪುತ್ತೀರಾ?" ಅನ್ನೋ ಪ್ರಶ್ನೆ, ಅವರು ಒತ್ತಿದರೆ ಮಾತ್ರ ಪ್ರವೇಶ. ಪತ್ರದ ವಿಷಯ ಇಬ್ಬರೂ ಎತ್ತಿಲ್ಲ.

ಆ ಭಾನುವಾರ

ಈಗ ಮೊದಲು ಹೇಳಿದ ಫೋನಿಗೆ ಬರ್ತೀನಿ. ವೈಫೈ ಇಲ್ಲ ಅಂದ ಮೇಲೆ ರಿಮೋಟೂ ಇಲ್ಲ. ಅಪ್ಪನ ಕೀಪ್ಯಾಡ್ ಫೋನಿನಲ್ಲಿ ಟೆದರಿಂಗೂ ಇಲ್ಲ. ಉಳಿದದ್ದು ಬಾಯಿ, ಕಿವಿ ಮಾತ್ರ.

"ಹಿಂದಿನ ದಿನ ಏನಾದ್ರೂ ಒತ್ತಿದ್ರಾ?"

"ಮೂಲೆಯಲ್ಲಿ ಗುರಾಣಿ ಥರದ್ದು ಬಂದಿತ್ತು. ಅಪ್‌ಡೇಟ್ ಬಿಡಬಾರದು ಅಂತ ನೀನೇ ಹೇಳಿದ್ದೆ."

ಕರ್ನೆಲ್ ಹೊಸದಾಗಿತ್ತು. ಇಂಥ ಮುಚ್ಚಿದ ಡ್ರೈವರನ್ನು ಪ್ರತಿ ಹೊಸ ಕರ್ನೆಲ್‌ಗೂ ಮತ್ತೆ ಕಟ್ಟಬೇಕು. ಡಿಕೆಎಂಎಸ್ ಅನ್ನೋ ವ್ಯವಸ್ಥೆ ಅದನ್ನು ತಾನಾಗೇ ಮಾಡುತ್ತೆ, ಆದರೆ ಅದಕ್ಕೆ ಕರ್ನೆಲ್‌ನ ಹೆಡರ್ ಕಡತಗಳು ಬೇಕು. ಜಾಗ ಉಳಿಸೋಣ ಅಂತ ದೀಪಾವಳಿಯಲ್ಲಿ ಆ ಪ್ಯಾಕೇಜನ್ನು ಕಿತ್ತು ಹಾಕಿದ್ದು ಯಾರು? ಇಂಜಿನಿಯರ್ ಮಗಳು.

ಪುಣ್ಯಕ್ಕೆ ಹಳೇ ಕರ್ನೆಲ್ ಹಾಗೇ ಉಳಿದಿರುತ್ತೆ. ಶುರುವಾಗುವಾಗ ಎಸ್ಕೇಪ್ ಕೀ ಒತ್ತಿದರೆ ಪಟ್ಟಿ ಬರುತ್ತೆ ಅಂದೆ. ಅಪ್ಪ ಭದ್ರವಾಗಿರಲಿ ಅಂತ ಐದಾರು ಸಲ ಒತ್ತಿದರು. "ಕಪ್ಪು ಪರದೆ, ಜಿ ಆರ್ ಯು ಬಿ ಅಂತ ಬರೆದು ಸುಮ್ಮನಾಗಿದೆ." ಜಾಸ್ತಿ ಸಲ ಒತ್ತಿದರೆ ಹಾಗಾಗುತ್ತೆ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿಸಿ ಮತ್ತೆ ಶುರು. ಮೂರನೇ ಪ್ರಯತ್ನಕ್ಕೆ ಪಟ್ಟಿ ಬಂತು. "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗೆ ಹೋಗಿ, ಅಂಕಿಗಳನ್ನು ಒಂದೊಂದಾಗಿ ಓದಿ, ಹಿಂದಿನ ಕರ್ನೆಲ್ ಆಯ್ದರು.

"ಬಂತು!" ಅಂದರು. ಆ ದನಿಯಲ್ಲಿದ್ದ ಖುಷಿ ನಾನು ಹೋಗಿ ಸರಿಮಾಡಿದ್ದರೆ ಬರುತ್ತಿರಲಿಲ್ಲ.

ಆಮೇಲೆ ಕೇಳಿ, ಒಪ್ಪಿಗೆ ಪಡೆದು, ಒಳಗೆ ಹೋಗಿ ಹೆಡರ್ ಪ್ಯಾಕೇಜ್ ವಾಪಸ್ ಹಾಕಿದೆ. ಡ್ರೈವರ್ ಹೊಸ ಕರ್ನೆಲ್‌ಗೂ ಕಟ್ಟಿಕೊಂಡಿತು. ಕೆಲಸ ಹತ್ತು ನಿಮಿಷದ್ದು, ಅಲ್ಲಿಗೆ ತಲುಪೋಕೆ ಆದದ್ದು ಎರಡು ಗಂಟೆ.

ನಿಮ್ಮ ಮನೆಯಲ್ಲೂ ಹೀಗಾದರೆ

1. ಲೈನಕ್ಸ್ ಹಾಕೋ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್, ಕ್ಯಾಮೆರಾ ಪರೀಕ್ಷೆ ಮಾಡಿ. ಹಾಕದೆಯೇ ನೋಡಬಹುದು.

2. ವೈಫೈ ಕಾಣದಿದ್ದರೆ ಮೊದಲು ಲ್ಯಾಪ್‌ಟಾಪಿನ ವೈಫೈ ಸ್ವಿಚ್, ಏರ್‌ಪ್ಲೇನ್ ಮೋಡ್ ನೋಡಿ. ಆಮೇಲೆ ಡ್ರೈವರ್ ಮ್ಯಾನೇಜರ್. ಚಿಪ್ಪಿನ ಹೆಸರು ಬೇಕಿದ್ದರೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಅನ್ನೋ ಆಜ್ಞೆ ಕೊಡಿ.

3. ನೀಲಿ ಪರದೆ ಬರೋವರೆಗೆ ಕಾಫಿಗೆ ಹೋಗಬೇಡಿ.

4. ಕನಿಷ್ಠ ಒಂದು ಹಳೇ ಕರ್ನೆಲ್ ಉಳಿಸಿಕೊಳ್ಳಿ. ಹೆಡರ್ ಪ್ಯಾಕೇಜ್ ತೆಗೆಯಬೇಡಿ.

5. ಲಾಗಿನ್ ಆದ ಮೇಲಷ್ಟೇ ವೈಫೈ ಬರುತ್ತಿದ್ದರೆ ಆ ಸಂಪರ್ಕದ ಸೆಟ್ಟಿಂಗ್‌ನಲ್ಲಿ "ಎಲ್ಲ ಬಳಕೆದಾರರೂ ಬಳಸಬಹುದು" ಅನ್ನೋದಕ್ಕೆ ಟಿಕ್ ಹಾಕಿ. ರಿಮೋಟ್ ಮಧ್ಯೆ ಮಧ್ಯೆ ಕಡಿಯುತ್ತಿದ್ದರೆ ವೈಫೈನ ಪವರ್ ಸೇವಿಂಗ್ ಆಫ್ ಮಾಡಿ ನೋಡಿ.

6. ಹಿರಿಯರಿಗೆ ಇದೊಂದನ್ನು ಮನದಟ್ಟು ಮಾಡಿ. ಬ್ಯಾಂಕ್, ಪೊಲೀಸ್, ಕೊರಿಯರ್ ಅಂತ ಯಾರೇ ಫೋನ್ ಮಾಡಿ ಪರದೆ ಹಂಚಿಕೊಳ್ಳೋ ಆ್ಯಪ್ ಹಾಕಿ ಅಂದರೆ ಹಾಕಬಾರದು, ಐಡಿ ಹೇಳಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಏಳನೆಯದ್ದು ಅಪ್ಪನದ್ದು. ಲ್ಯಾಪ್‌ಟಾಪಿನ ಪಕ್ಕ ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಮೇಷ್ಟ್ರ ದುಂಡು ಅಕ್ಷರದಲ್ಲಿ ಬರೆದಿದ್ದಾರೆ, "ಎಸ್ಕೇಪ್ ಒಂದೇ ಸಲ ಒತ್ತುವುದು. ಗಾಬರಿ ಆಗಬಾರದು." ಅದರ ಕೆಳಗೆ ಹಳೇ ಕರ್ನೆಲ್‌ನ ಅಂಕಿ.

ಹೋದ ವಾರ ಮತ್ತೆ ಅಪ್‌ಡೇಟ್ ಬಂದಿತ್ತು. ಅಪ್ಪ ತಾವೇ ಹಾಕಿಕೊಂಡು, ರೀಸ್ಟಾರ್ಟ್ ಮಾಡಿ, ವೈಫೈ ಬಂದದ್ದು ನೋಡಿದ ಮೇಲೆ ನನಗೆ ಫೋನ್ ಮಾಡಿದರು. "ನನ್ನ ಲೈನಕ್ಸ್ ಸರಿಯಾಗಿದೆ, ನೀನು ಬರೋದು ಬೇಡ" ಅಂದರು. ಆಮೇಲೆ ಒಂದು ಕ್ಷಣ ಬಿಟ್ಟು, "ಊರಿಗೆ ಯಾವಾಗ ಬರ್ತೀಯ?" ಅಂತ ಕೇಳಿದರು.

ಶುಕ್ರವಾರದ ಬಸ್ಸಿಗೆ ಸೀಟು ಬುಕ್ ಮಾಡಿದ್ದೇನೆ.