ಫ್ಲ್ಯಾಟ್ ನೋಡುವುದಾದರೆ ಮೇ ತಿಂಗಳಲ್ಲಿ ನೋಡಿ

ಗಲ್ಫ್‌ನಲ್ಲಿ ಶಾಲೆಗಳಿಗೆ ರಜೆ ಸಿಗುವುದು ಜುಲೈ-ಆಗಸ್ಟ್‌ನಲ್ಲಿ. ಕುಟುಂಬ ಸಮೇತ ಊರಿಗೆ ಬರುವವರು ಮಂಗಳೂರಿನಲ್ಲಿ ಫ್ಲ್ಯಾಟ್ ನೋಡಲು ಹೊರಡುವುದೂ ಆಗಲೇ. ಹೊರಗೆ ಧೋ ಎಂದು ಮಳೆ. ಬಾವಿ ತುಂಬಿರುತ್ತದೆ, ನಳ್ಳಿ ತಿರುಗಿಸಿದರೆ ನೀರು ಭರ್ರನೆ ಬರುತ್ತದೆ. ‘ಇಲ್ಲಿ ನೀರಿನ ಪ್ರಾಬ್ಲಂ ಇಲ್ಲವೇ ಇಲ್ಲ’ ಎನ್ನುತ್ತಾನೆ ಬ್ರೋಕರ್. ಆ ದಿನದ ಮಟ್ಟಿಗೆ ಅದು ಸುಳ್ಳೂ ಅಲ್ಲ.

ನನ್ನ ಪರಿಚಯದ ಒಬ್ಬರು ಹದಿನೆಂಟು ವರ್ಷ ಸೌದಿಯಲ್ಲಿ ದುಡಿದು ಹೀಗೆಯೇ ಒಂದು ಫ್ಲ್ಯಾಟ್ ತೆಗೆದುಕೊಂಡರು. ಬಾಡಿಗೆ ಹಣದಲ್ಲಿ ಮಕ್ಕಳ ಫೀಸು ಕಟ್ಟುವ ಲೆಕ್ಕಾಚಾರ. ಎಪ್ರಿಲ್ ಬಂತು, ಬೋರ್‌ವೆಲ್ ಬತ್ತಿತು. ಟ್ಯಾಂಕರ್ ಖರ್ಚು ಸೇರಿ ಮೆಂಟೆನೆನ್ಸ್ ಏರಿತು. ಬಾಡಿಗೆಯವರು ಖಾಲಿ ಮಾಡಿದರು. ‘ಉಸ್ತಾದರೇ, ಟೈಲ್ಸ್ ನೋಡಿದೆ, ಲಿಫ್ಟ್ ನೋಡಿದೆ, ನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಲಿಲ್ಲ’ ಎಂದು ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

ಹಾಗಾದರೆ ಏನೆಲ್ಲ ಕೇಳಬೇಕು?

ಮೊದಲನೆಯದು ಮನಪಾ ನೀರು. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ನೀರು ನಗರಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಒಳಹರಿವು ನಿಂತರೆ ಇದ್ದ ಸಂಗ್ರಹದಲ್ಲೇ ಮಳೆವರೆಗೆ ದಿನ ದೂಡಬೇಕು. 2016, 2019, 2023ರ ಬೇಸಿಗೆಗಳಲ್ಲಿ ನೀರಿನ ರೇಷನಿಂಗ್ ಆದದ್ದನ್ನು ನಗರದವರು ಮರೆತಿಲ್ಲ. ಆದ್ದರಿಂದ ಮನಪಾ ಸಂಪರ್ಕ ಇದೆಯೇ ಎಂದಷ್ಟೇ ಅಲ್ಲ, ನೀರು ಬಾರದ ದಿನ ಸಂಪ್‌ನಲ್ಲಿ ಎಷ್ಟು ದಿನಕ್ಕೆ ಸಾಲುವಷ್ಟು ನೀರಿರುತ್ತದೆ ಎಂದೂ ಕೇಳಬೇಕು.

ಲೆಕ್ಕ ಸುಲಭ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರಕಾರಿ ಮಾನದಂಡ. ಐವರ ಮನೆಗೆ 675 ಲೀಟರ್. 40 ಫ್ಲ್ಯಾಟ್‌ಗಳ ಕಟ್ಟಡಕ್ಕೆ 27 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಾದರೆ ದಿನಕ್ಕೆ ನಾಲ್ಕೂವರೆ ಲೋಡ್! ಅದರ ದುಡ್ಡು ಹೋಗುವುದು ನಿಮ್ಮದೇ ಕಿಸೆಯಿಂದ.

ಎರಡನೆಯದು ಬಾವಿ. ಉಳ್ಳಾಲ, ಬೆಂಗ್ರೆಯಂತಹ ಅಳಿವೆಯ ಹತ್ತಿರದ ಜಾಗಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುವುದಿದೆ. ಉಪ್ಪುನೀರು ನದಿಯಲ್ಲಿ ಮೇಲಕ್ಕೆ ಬರುವುದನ್ನು ತಡೆಯಲು ಹರೇಕಳ-ಅಡ್ಯಾರ್ ನಡುವೆ ಅಣೆಕಟ್ಟು ಕಟ್ಟಬೇಕಾಯಿತು ಎಂದರೆ ಯೋಚಿಸಿ. ಬಾವಿ ನೀರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ಅದೂ ಬೇಸಿಗೆಯ ನೀರನ್ನು.

ಮೂರನೆಯದು ಒಳಚರಂಡಿ. ನಮ್ಮದು ಮುರಕಲ್ಲಿನ ನೆಲ, ನೀರು ಬೇಗ ಇಂಗುತ್ತದೆ. ಒಳಚರಂಡಿ ಸಂಪರ್ಕವೂ ಇಲ್ಲದೆ, ಕೊಳಚೆ ನೀರು ಶುದ್ಧೀಕರಿಸುವ ಘಟಕವೂ ಸರಿಯಾಗಿ ಓಡದೆ ಇದ್ದರೆ ಗುಂಡಿಯ ನೀರು ಬಾವಿ ಸೇರಲು ಹೆಚ್ಚು ದಿನ ಬೇಡ.

ನಾಲ್ಕನೆಯದು ಕರೆಂಟ್. ಕಂಪ್ಲೀಷನ್ ಅಥವಾ ಆಕ್ಯುಪೆನ್ಸಿ ಸರ್ಟಿಫಿಕೇಟ್ ತೋರಿಸಿದ ಮೇಲೆಯೇ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ‘ಓಸಿ ಆಮೇಲೆ ಬರುತ್ತದೆ’ ಎಂಬ ಮಾತು ನಂಬಿ ಪೂರ್ತಿ ಹಣ ಕೊಡಬೇಡಿ. ಮೆಸ್ಕಾಂ ಮೀಟರ್ ಶಾಶ್ವತ ಸಂಪರ್ಕದ್ದೇ ಅಥವಾ ಕಟ್ಟಡ ಕೆಲಸಕ್ಕೆ ಪಡೆದ ತಾತ್ಕಾಲಿಕದ್ದೇ ಎಂದು ನೋಡಿ. ಕರೆಂಟ್ ಹೋದಾಗ ಜನರೇಟರ್‌ನಲ್ಲಿ ಲಿಫ್ಟ್ ಮಾತ್ರ ಓಡುತ್ತದೋ, ನೀರಿನ ಪಂಪೂ ಓಡುತ್ತದೋ ಅದನ್ನೂ ಕೇಳಿ.

ಮಾರುವವರಿಗೂ ಒಂದು ಮಾತು. ಸರಕಿನ ದೋಷ ಮುಚ್ಚಿಟ್ಟು ಮಾರಬಾರದು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತಿರುವ ಪಾಠ. ಬತ್ತುವ ಬಾವಿಯೂ ದೋಷವೇ.

ಮೇ ತಿಂಗಳಲ್ಲಿ ಬರಲು ರಜೆ ಸಿಗದಿದ್ದರೆ? ಆ ಕಟ್ಟಡದ ಹಿಂದಿನ ಎಪ್ರಿಲ್, ಮೇ ತಿಂಗಳ ಮೆಂಟೆನೆನ್ಸ್ ಲೆಕ್ಕ ಕೇಳಿ. ಟ್ಯಾಂಕರ್ ಎಷ್ಟು ಸಲ ಬಂತೆಂದು ಅದರಲ್ಲಿರುತ್ತದೆ. ಹೊಸ ಕಟ್ಟಡವಾದರೆ ಪಕ್ಕದ ಮನೆಯ ಬಾಗಿಲು ತಟ್ಟಿ, ‘ನಿಮ್ಮ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ?’ ಎಂದು ಕೇಳಿ. ಅವರಿಗೆ ಕಮಿಷನ್ ಇಲ್ಲ, ಇದ್ದದ್ದು ಹೇಳುತ್ತಾರೆ.